ಕಾಂಕ್ರೀಟಿನ ಅಡಿಯ ಪೈಪು

ಯಾರ ಮಾತನ್ನೂ ನಂಬದವರೆಲ್ಲ ಸೇರಿ ಒಂದು ಸಂಘ ಕಟ್ಟಿದರೆ, ಸತ್ತೇಗಾಲದ ನಮ್ಮ ಚಿಕ್ಕಪ್ಪನೇ ಅದರ ಅಧ್ಯಕ್ಷರು. ಆದರೆ ಅಂಥದ್ದೊಂದು ಸಂಘ ಇದೆಯೆಂದು ಅವರು ನಂಬಬೇಕಲ್ಲ! ಚಿಕ್ಕಮ್ಮ ಬದುಕಿದ್ದಾಗ "ಮಳೆ ಬತ್ತಾ ಅದೆ" ಎಂದರೆ, ಅಂಗಳಕ್ಕಿಳಿದು ಚೆನ್ನಾಗಿ ನೆಂದು ಬಂದು, "ಊಂ, ಬತ್ತಾ ಅದೆ" ಎನ್ನುತ್ತಿದ್ದರು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೆ ಸೌಟು ಹಿಡಿದು ತನಿಖೆಗೆ ಹೊರಡುತ್ತಿದ್ದರು.

ಇಂಥ ಮನುಷ್ಯ ಈಗ ಎರಡು ತಿಂಗಳಿಂದ ಒಂದೇ ಒಂದು ಸಂಗತಿಯನ್ನು ಕಣ್ಣುಮುಚ್ಚಿ ನಂಬಿದ್ದರು. ಅದೇನೆಂದರೆ, ಮನೆ ಮುಂದೆ ಗಾಡಿ ಬರಲು ಹಾಕಿಸಿದ ಕಾಂಕ್ರೀಟಿನ ಅಡಿಯಲ್ಲಿ ವೈರು ಎಳೆಯಲು ಒಂದು ಪೈಪು ಇದೆ!

ಮಾಳಿಗೆಯ ಮೇಲಿನ ಡಿಶ್ಶನ್ನು ಕೋತಿಗಳು ಮುರಿದ ಮೇಲೆ ಟೀವಿಗೂ ಇಂಟರ್ನೆಟ್ಟಿಗೂ ಕೇಬಲ್ಲು ಎಳೆಸಬೇಕಾಯಿತು. ಕಂಬ ಕಾಂಕ್ರೀಟಿನ ಆಚೆ, ಮನೆ ಈಚೆ. ಮೇಲಿಂದ ಎಳೆದ ಕೇಬಲ್ಲನ್ನು ಒಣಹುಲ್ಲಿನ ಟ್ರ್ಯಾಕ್ಟರು ಹೊತ್ತುಕೊಂಡು ಕೊಳ್ಳೇಗಾಲದ ದಾರಿ ಹಿಡಿಯಿತು. ಕಾಂಕ್ರೀಟಿನ ಮೇಲೆ ಹಾಸಿದ್ದನ್ನು ಅದೇ ಟ್ರ್ಯಾಕ್ಟರು ವಾಪಸು ಬರುವಾಗ ಅರೆದುಹಾಕಿತು. ಹಿತ್ತಿಲು ಸುತ್ತಿಸಿ ತಂದದ್ದನ್ನು ಹೆಗ್ಗಣ ತಿಂದಿತು. ಹೆಗ್ಗಣಕ್ಕೂ ಧಾರಾವಾಹಿಯ ಚಟವೇ?

ಕೇಬಲ್ಲಿನವನು ಕೈಮುಗಿದ. "ಸಾ, ಮಿಷನ್ನಲ್ಲಿ ಒಂದ್ ಗೆರೆ ಕುಯ್ದು ವೈರ್ ಇಳುಸ್ಬುಡ್ತೀನಿ. ಅತ್ತು ನಿಮಿಸದ ಕೆಲ್ಸ."

"ಕುಯ್ಯಂಗಿಲ್ಲ. ಅಡೀಲಿ ಪೈಪ್ ಅದೆ."

"ಯಾವ ಜಾಗ್ದಲ್ಲಿ ಸಾ?"

"ಅದ ಉಡುಕೋದು ನಿನ್ ಕೆಲ್ಸ ಕಣ್ಲಾ!"

ಕೊನೆಗೆ ಚಿಕ್ಕಪ್ಪ ಕರೆಸಿದ್ದು ಯಾರನ್ನು ಗೊತ್ತೆ? ಬೋರ್‌ವೆಲ್ಲಿಗೆ ಜಾಗ ತೋರಿಸುವವನನ್ನು! ಆತ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಕಾಂಕ್ರೀಟಿನ ಮೇಲೆ ಬಹಳ ಗಂಭೀರವಾಗಿ ನಡೆದ. ನಟ್ಟನಡುವೆ ಕಾಯಿ ಎದ್ದು ನಿಂತಿತು.

"ಸಿಕ್ತು ಸಾ!"

"ಪೈಪಾ?"

"ನೀರು ಸಾ! ಎರಡಿಂಚು ಗ್ಯಾರಂಟಿ!"

ನನಗೆ ತಾಳ್ಮೆ ಕೆಟ್ಟಿತು. ಮಿಷನ್ನು ತರಲು ಕೇಬಲ್ಲಿನವನಿಗೆ ನಾನೇ ಫೋನು ಮಾಡಿ, "ಚಿಕ್ಕಪ್ಪ, ಪೈಪ್ ಅದೆ ಅಂತ ಯೋಳಿದ್ಯಾರು ನಿಮ್ಗೆ?" ಎಂದೆ.

ಅವರು ನೆಲ ನೋಡಿದರು. "ನಿಮ್ ಚಿಕ್ಕಮ್ಮ. ಕಾಂಕ್ರೀಟ್ ಆಕ್ಸಿದ್ದು ಅವ್ಳೆ. ನಾನು ಮಾದಪ್ಪನ ಬೆಟ್ಟಕ್ಕೋಗಿದ್ದೆ. ಬಂದೇಟ್ಗೆ 'ಪೈಪ್ ಆಕ್ಸಿವ್ನಿ, ಬನ್ನಿ ತೋರುಸ್ತೀನಿ' ಅಂದ್ಲು. ನಾನು ನಗಾಡ್ಬುಟ್ಟು ಒಳಕ್ಕೋದೆ ಕಣ್ಲಾ. ಈಗ ಕುಯ್ಸುದ್ರೆ, ಅವ್ಳು ಸುಳ್ಳು ಯೋಳುದ್ಲು ಅಂತ ನಾನೇ ಅಂದಂಗಾಗಲ್ವಾ?"

ಅಷ್ಟರಲ್ಲಿ ಕೇಬಲ್ಲಿನವನು ಮಿಷನ್ನು ಸಮೇತ ಬಂದೇಬಿಟ್ಟ. ಅದನ್ನು ಇಡಲು ಜಾಗ ಮಾಡಿಕೊಳ್ಳೋಣವೆಂದು ಕಾಂಕ್ರೀಟಿನ ಅಂಚಿನಲ್ಲಿದ್ದ ಚಿಕ್ಕಮ್ಮನ ಹಳೆಯ ಒರಳುಕಲ್ಲನ್ನು ಉರುಳಿಸಿದ. ಅದರ ಕೆಳಗೆ ಪೈಪಿನ ಬಾಯಿ! ಮಣ್ಣು ಹೋಗದಂತೆ ಚಿಕ್ಕಮ್ಮನ ಸೀರೆಯ ತುಂಡು ತುರುಕಿತ್ತು. ತುಂಡು ಎಳೆದರೆ ಹಿಂದೆಯೇ ರೇಷ್ಮೆಯ ಹುರಿ. ಹುರಿ ಜಗ್ಗಿದರೆ ಆಚೆ ಕಂಬದ ಬುಡದಲ್ಲಿ ಮಣ್ಣು ಅಲುಗಿತು. ಮುಂದೊಂದು ದಿನ ವೈರು ಎಳೆಯುವವರಿಗೆ ಕಷ್ಟವಾಗದಿರಲಿ ಎಂದು ಪುಣ್ಯಾತ್ಗಿತ್ತಿ ಹುರಿಯನ್ನೂ ತೂರಿಸಿ ಇಟ್ಟಿದ್ದಳು.

ಹುರಿಗೆ ಕಟ್ಟಿ ಎಳೆದರು. ಕೇಬಲ್ಲು ಸಲೀಸಾಗಿ ಬಂತು. ಹೊರಬಂದ ಹುರಿಯನ್ನು ಚಿಕ್ಕಪ್ಪ ಅಂಗೈಗೆ ಸುತ್ತಿಕೊಂಡು ಜಗುಲಿಯ ಮೇಲೆ ಕೂತರು. ಇಷ್ಟು ದಿನ ಅವರನ್ನು ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕೇಬಲ್ಲಿನವನು ಒಳಗಿಂದ ಕೂಗಿದ: "ಸಾ, ಟೀವಿ ಬತ್ತಾ ಅದೆ! ಬಂದು ನೋಡ್ಬುಡಿ."

ಮಳೆಯನ್ನೂ ನೆಂದೇ ನಂಬುತ್ತಿದ್ದ ಮನುಷ್ಯ ಕೂತಲ್ಲಿಂದ ಏಳಲಿಲ್ಲ.

"ನೋಡೋದೇನ್ಲಾ? ಅವ್ಳು ಆಕ್ಸಿರದು. ಬತ್ತದೆ ಬುಡು."