ನಲವತ್ತೊಂದು ಸೆಕೆಂಡಿನ ನೋಟ

ಪ್ರವಾಸದ ಹನ್ನೊಂದನೆಯ ಊರಿನಲ್ಲಿ ಏಳನೆಯ ಹಾಡು ನಿಗದಿತ ಅವಧಿಗಿಂತ ನಲವತ್ತೊಂದು ಸೆಕೆಂಡು ಹೆಚ್ಚು ತೆಗೆದುಕೊಂಡಿತೆಂದು ಈ ಮೂಲಕ ದಾಖಲಿಸಲಾಗಿದೆ. ದಾಖಲಿಸಿದವನು ನಾನೇ, ರಾಕ್ ಸಂಗೀತ ಮಂಡಳಿಯ ಪ್ರವಾಸ ಮೇಲ್ವಿಚಾರಕ. ಇದಕ್ಕೆ ಮೊದಲು ತೂಕ ಮತ್ತು ಅಳತೆ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ಇದ್ದೆ. ನನ್ನ ಸ್ಟಾಪ್‌ವಾಚ್ ಸುಳ್ಳು ಹೇಳುವುದಿಲ್ಲ. ನನಗೆ ಸಂಗೀತ ಬರುವುದಿಲ್ಲ ಎಂದು ಕೆಲವರು ಹಿಂದಿನಿಂದ ಆಡಿಕೊಳ್ಳುತ್ತಾರೆ. ಈ ಹುದ್ದೆಗೆ ಸಂಗೀತ ಬರಬೇಕೆಂದು ಯಾವ ನಿಯಮದಲ್ಲಿದೆಯೋ ತೋರಿಸಲಿ.

ಮಂಡಳಿಯ ನಿಯಮ ಸ್ಪಷ್ಟವಾಗಿದೆ. ದಂಗೆಯೇಳುವ ಹಾಡಿಗೆ ಮೂರು ನಿಮಿಷ, ಸಿಟ್ಟಿನ ಹಾಡಿಗೆ ಮೂರೂವರೆ, ವಿರಹಕ್ಕೆ ನಾಲ್ಕು. ಏಳನೆಯದು ವಿರಹದ್ದು. ಅದರ ನಡುವೆ ಒಂದು ಕಡೆ ವಾದ್ಯಗಳೆಲ್ಲ ನಿಲ್ಲುತ್ತವೆ, ಡ್ರಮ್ಮಿನವನು ಎರಡೂ ಕೋಲು ಮೇಲೆತ್ತಿ ಒಂದು ಸೆಕೆಂಡು ತಡೆದು ಧಡಾರನೆ ಬಾರಿಸಬೇಕು. ಆ ದಿನ ಅವನು ಕೋಲು ಎತ್ತಿದವನು ಎತ್ತಿಕೊಂಡೇ ಕೂತ. ಗಾಯಕಿ ಜನಕ್ಕೆ ಬೆನ್ನು ಮಾಡಿ ಅವನ ಕಡೆ ತಿರುಗಿದ್ದಳು. ನೋಡಿದರು, ನೋಡಿದರು, ನೋಡುತ್ತಲೇ ಇದ್ದರು. ಗಿಟಾರಿನವನು ಒಂದು ಕಾಲನ್ನು ಸ್ಪೀಕರಿನ ಮೇಲಿಟ್ಟುಕೊಂಡು ಹಾಗೇ ಒಂಟಿಕಾಲಲ್ಲಿ ನಿಂತಿದ್ದ. ಕೂದಲು ಸೊಂಟದವರೆಗೆ ಬಿಟ್ಟಿದ್ದಾನೆ, ಎಲ್ಲರೂ ಅವನನ್ನು ಜಡೆ ಎನ್ನುತ್ತಾರೆ.

ಮರುದಿನ ಬೆಳಿಗ್ಗೆ ಲಾಡ್ಜಿನ ಊಟದ ಕೋಣೆಯಲ್ಲಿ ವಿಚಾರಣೆ ನಡೆಸಿದೆ.

"ಯಾಕಪ್ಪ ಬಾರಿಸಲಿಲ್ಲ?" ಎಂದು ಡ್ರಮ್ಮಿನವನನ್ನು ಕೇಳಿದೆ.

"ಬಾರಿಸಿದ್ರೆ ಅವಳು ಆ ಕಡೆ ತಿರುಗಿಬಿಡ್ತಾಳೆ ಸಾರ್."

'ಕಾರಣ: ಬಾರಿಸಿದಲ್ಲಿ ತಿರುಗುವ ಸಂಭವ' ಎಂದು ಬರೆದುಕೊಂಡೆ. ಆಮೇಲೆ ಗಾಯಕಿಯನ್ನು ಕೇಳಿದೆ, "ನೀನು ತಿರುಗಿದ್ದು ಯಾಕಮ್ಮ?"

"ಅವನು ಕೋಲು ಎತ್ತುವಾಗ ಹುಬ್ಬೂ ಎತ್ತುತ್ತಾನೆ ಸಾರ್. ನೋಡಿದ್ರೆ ನಗು ಬರುತ್ತೆ, ನಗು ಬಂದ್ರೆ ಅಳು ಬರುತ್ತೆ. ಏನ್ ಮಾಡ್ಲಿ ಹೇಳಿ?"

"ಇದು ಪ್ರೇಮವೇ?" ಎಂದು ನಮೂನೆಯಲ್ಲಿ ಇದ್ದ ಹಾಗೆ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂಬತ್ತು ಸೆಕೆಂಡು. 'ಹೌದು' ಎಂಬ ಚೌಕದಲ್ಲಿ ಗುರುತು ಹಾಕಿದೆ.

ಜಡೆ ಲಿಖಿತ ದೂರು ಕೊಟ್ಟ. "ಇವರು ಏನ್ ಬೇಕಾದ್ರೂ ಮಾಡ್ಕೊಳ್ಳಿ ಸಾರ್, ನನ್ನ ಕಾಲು ಜೋಮು ಹಿಡಿದು ಸತ್ತೇಹೋಗಿತ್ತು." ಅದನ್ನು 'ಸಂಬಂಧಪಡದ ವ್ಯಕ್ತಿಗೆ ಆದ ಬಾಧೆ' ಎಂಬ ಶೀರ್ಷಿಕೆಯಡಿ ಲಗತ್ತಿಸಿ ಕೇಂದ್ರ ಕಚೇರಿಗೆ ಕಳಿಸಿದೆ.

ಮುಖ್ಯಾಧಿಕಾರಿ ಖುದ್ದಾಗಿ ಬಂದರು. ಇಬ್ಬರಲ್ಲಿ ಒಬ್ಬರನ್ನು ಮನೆಗೆ ಕಳಿಸುವ ಆದೇಶ ಜೇಬಿನಲ್ಲೇ ಇತ್ತು, ಹೆಸರಿನ ಜಾಗ ಮಾತ್ರ ಖಾಲಿ. ಸಂಜೆಯ ಕಾರ್ಯಕ್ರಮಕ್ಕೆ ಮೊದಲ ಸಾಲಿನಲ್ಲಿ ಕೂತರು. ಅವರ ಪಕ್ಕದಲ್ಲಿ, ಮಗಳ ಕಾಟಕ್ಕೆ ಬಂದಿದ್ದ ಒಬ್ಬ ದಢೂತಿ ಮನುಷ್ಯ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ. ಏಳನೆಯ ಹಾಡು ಬಂತು. ಕೋಲು ಮೇಲೆದ್ದಿತು. ಅವಳು ತಿರುಗಿದಳು. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ. ಆ ದಢೂತಿ ಮನುಷ್ಯ ಕಿವಿಯಿಂದ ಹತ್ತಿ ತೆಗೆದು ಅದರಲ್ಲೇ ಕಣ್ಣು ಒರೆಸಿಕೊಂಡ. ಮುಖ್ಯಾಧಿಕಾರಿಗಳು ಅದನ್ನು ನೋಡಿದರು. ಆದೇಶವನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟರು.

"ಇದನ್ನ ಎಲ್ಲಿಂದ ತಂದ್ರಿ?" ಎಂದು ನನ್ನನ್ನು ಕೇಳಿದರು.

"ತಂದಿದ್ದಲ್ಲ ಸಾರ್, ಅದಾಗೇ ಆಗಿದ್ದು."

"ಅದಾಗೇ ಆಗಿದ್ದು ಸಾಕು. ಇನ್ಮೇಲೆ ನಾವು ಮಾಡೋಣ."

ಮೂರನೆಯ ದಿನ ಸುತ್ತೋಲೆ ಬಂತು. 'ಏಳನೆಯ ಹಾಡಿನ ನಡುವಿನ ನೋಟವು ಇಂದಿನಿಂದ ಮಂಡಳಿಯ ಸ್ವತ್ತಾಗಿರುತ್ತದೆ. ಅವಧಿ ನಲವತ್ತೊಂದು ಸೆಕೆಂಡು. ಕಡಿಮೆಯೂ ಕೂಡದು, ಹೆಚ್ಚೂ ಕೂಡದು. ಸದರಿ ನೋಟವು ಪೋಲಾಗದಿರಲೆಂದು, ಗಾಯಕಿ ಹಾಗೂ ಡ್ರಮ್ ಹುದ್ದೆಯಲ್ಲಿರುವವರು ವೇದಿಕೆಯ ಹೊರಗೆ ಪರಸ್ಪರ ನೋಡತಕ್ಕದ್ದಲ್ಲ. ಮಾತಿಗೆ ಅಡ್ಡಿಯಿಲ್ಲ.' ಮೊದಲ ಮೂರು ಸಾಲುಗಳಿಗೆ 'ನೋಟದ ಸಾಲು' ಎಂದು ಹೆಸರಿಟ್ಟು ದರ ದುಪ್ಪಟ್ಟು ಮಾಡಿದರು. ಹಿಂದಿನವರಿಗೆ ದುರ್ಬೀನು ಬಾಡಿಗೆಗೆ. ಹಾಡಿನ ಮಾತು ಯಾರು ಬರೆದರು ಎಂಬುದನ್ನು ಪೋಸ್ಟರಿನಿಂದ ತೆಗೆದು ಆ ಜಾಗದಲ್ಲಿ ಎರಡು ಜೊತೆ ಕಣ್ಣು ಹಾಕಿದರು.

ಜಾರಿಗೆ ತರುವ ಕೆಲಸ ನನ್ನ ತಲೆಗೆ ಬಂತು. ವ್ಯಾನಿನಲ್ಲಿ ಡ್ರಮ್ಮಿನವನ ಸೀಟನ್ನು ಹಿಂದುಮುಂದಾಗಿ ಬಿಗಿಸಿದೆ. ಊಟಕ್ಕೆ ಅವನು ಗೋಡೆಗೆ, ಅವಳು ಕಿಟಕಿಗೆ.

"ಉಪ್ಪು ಕೊಡೇ."

"ಎಡಗಡೆ ಇದೆ ತಗೋ. ಅಯ್ಯೋ, ನಿನ್ನ ಎಡ ಅಲ್ಲ ಕಣೋ, ನನ್ನ ಎಡ."

ಮೊದಮೊದಲು ಕಳ್ಳಾಟ ಆಡಿದರು, ಇಲ್ಲವೆನ್ನುವುದಿಲ್ಲ. ಅವಳು ಚಮಚ ಒರೆಸುವ ನೆಪದಲ್ಲಿ ಚಮಚದೊಳಗೆ ಅವನನ್ನು ನೋಡುತ್ತಿದ್ದಳು. ಅವನು ವ್ಯಾನಿನ ಗಾಜಿನಲ್ಲಿ ಅವಳನ್ನು ಹುಡುಕುತ್ತಿದ್ದ. ನಾನು ಸ್ಪಷ್ಟೀಕರಣ ಕೋರಿ ಬರೆದೆ. 'ಪ್ರತಿಬಿಂಬವೂ ನೋಟವೇ' ಎಂದು ಉತ್ತರ ಬಂತು. ಗಾಜುಗಳಿಗೆಲ್ಲ ಹಳೆಯ ಪೇಪರು ಅಂಟಿಸಿ, ಮರದ ಚಮಚ ತರಿಸಿದೆ. ಅಲ್ಲಿಂದ ಮುಂದೆ ಇಬ್ಬರೂ ಎಷ್ಟು ಶಿಸ್ತು ಕಲಿತರೆಂದರೆ, ಒಮ್ಮೆ ಮೆಟ್ಟಿಲ ಮೇಲೆ ಎದುರಾದಾಗ ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿದರು. ಡ್ರಮ್ಮಿನವನು ನಾಲ್ಕು ಮೆಟ್ಟಿಲು ಉರುಳಿದ. ಬಿದ್ದಾಗಲೂ ಕಣ್ಣು ತೆರೆಯಲಿಲ್ಲ. ಪ್ರಶಂಸಾಪತ್ರಕ್ಕೆ ಶಿಫಾರಸು ಮಾಡಿದೆ.

ಎರಡು ತಿಂಗಳಾದ ಮೇಲೆ ಗಾಯಕಿ ಮದುವೆಯ ಅನುಮತಿ ಅರ್ಜಿ ಹಿಡಿದುಕೊಂಡು ಬಂದಳು. ನನ್ನ ಅಂಗಿಯ ಗುಂಡಿಯನ್ನೇ ನೋಡುತ್ತ ಮಾತಾಡಿದಳು. ಯಾರ ಮುಖವನ್ನೂ ನೋಡದ ಅಭ್ಯಾಸವಾಗಿಬಿಟ್ಟಿತ್ತು.

"ಮದುವೆ ಆಗ್ಬಿಟ್ರೆ ಮನೇಲಾದ್ರೂ ನೋಡ್ಕೋಬಹುದು ಅಲ್ವಾ ಸಾರ್? ನಂಗೆ ಅವನ ಮುಖ ಮರೆತೇ ಹೋಗ್ತಾ ಇದೆ."

"ಏನಮ್ಮ ನೀನು, ದಿನಾ ಸಂಜೆ ನೋಡ್ತೀಯಲ್ಲ!"

"ಆಗ ನಾನು ಎಣಿಸ್ತಾ ಇರ್ತೀನಿ ಸಾರ್."

ಸುಳ್ಳು ಯಾಕೆ ಹೇಳಲಿ, ಪಾಪ ಅನ್ನಿಸಿತು. ಅರ್ಜಿಯನ್ನು ಬಲವಾದ ಶಿಫಾರಸಿನೊಂದಿಗೆ ಕಳಿಸಿದೆ.

ಅರ್ಜಿಯನ್ನು ಮೂವರು ಸದಸ್ಯರ ಸಮಿತಿ ಪರಿಶೀಲಿಸಿತು. ಮೂವರಿಗೂ ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿತ್ತು. ಅವರು ಒಮ್ಮತದಿಂದ ವರದಿ ಕೊಟ್ಟರು: 'ಸಮಿತಿಯ ಸ್ವಂತ ಅನುಭವದ ಪ್ರಕಾರ, ವಿವಾಹಾನಂತರ ನೋಟದ ಅವಧಿ ನಾಲ್ಕು ಸೆಕೆಂಡಿಗೆ ಇಳಿಯುತ್ತದೆ, ಅದೂ ಮನೆಯಲ್ಲಿ ಯಾವುದಾದರೂ ವಸ್ತು ಕಾಣದಿದ್ದಾಗ ಮಾತ್ರ. ಆದುದರಿಂದ ಇಬ್ಬರಲ್ಲಿ ಒಬ್ಬರು ಹುದ್ದೆ ತೊರೆದಲ್ಲಿ ಮಾತ್ರ ವಿವಾಹಕ್ಕೆ ಅನುಮತಿಸಬಹುದು.' ಡ್ರಮ್ಮಿನವನಿಗೆ ಓದಿ ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೈ ಚಾಚಿ ಪೆನ್ನು ಕೇಳಿದ.

"ಯೋಚನೆ ಮಾಡಪ್ಪ. ಹನ್ನೆರಡು ವರ್ಷ ಬಾರಿಸಿದ್ದೀಯ."

"ಕೋಲು ಹೋದ್ರೆ ಹೋಗ್ಲಿ ಬಿಡಿ ಸಾರ್, ಅವಳು ಇರ್ತಾಳಲ್ಲ," ಎಂದು ರಾಜೀನಾಮೆಗೆ ಸಹಿ ಮಾಡಿದ.

ಆದರೆ ನೋಟ ಇದ್ದದ್ದು ಹುದ್ದೆಯ ಹೆಸರಿನಲ್ಲಿ, ಮನುಷ್ಯನ ಹೆಸರಿನಲ್ಲಲ್ಲ. ಉಗ್ರಾಣ ವಿಭಾಗದಿಂದ ಒಬ್ಬ ಹಿರಿಯರನ್ನು ಡ್ರಮ್ಮಿಗೆ ವರ್ಗಾಯಿಸಿದರು. ಐವತ್ತಾರು ವರ್ಷ, ದಪ್ಪ ಕನ್ನಡಕ, ಹಿಂದೆ ಪೊಲೀಸ್ ಬ್ಯಾಂಡಿನಲ್ಲಿ ಇದ್ದವರು. ನಾವೆಲ್ಲ ದೊಡ್ಡಪ್ಪ ಎಂದೆವು. ಹೊಣೆ ವಹಿಸಿಕೊಡುವ ಮುನ್ನ ಹಳಬರೇ ಹೊಸಬರಿಗೆ ಕೆಲಸ ಕಲಿಸಬೇಕೆಂಬ ನಿಯಮವಿರುವುದರಿಂದ, ಡ್ರಮ್ಮಿನವನೇ ಅವರಿಗೆ ತರಬೇತಿ ಕೊಟ್ಟ.

"ಹಂಗಲ್ಲ ದೊಡ್ಡಪ್ಪ, ನೀವು ಬಸ್ಸಿನ ಬೋರ್ಡು ಓದೋ ಥರ ನೋಡ್ತಾ ಇದ್ದೀರ."

"ಮತ್ತೆ ಹೆಂಗಪ್ಪ ನೋಡ್ಬೇಕು?"

"ಬಸ್ಸು ಹೊರಟುಹೋಯ್ತು, ಅದ್ರಲ್ಲಿ ನಿಮ್ಮೋರು ಯಾರೋ ಇದ್ದಾರೆ, ಅನ್ನೋ ಥರ."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು. ಎದುರು ಕೂತಿದ್ದ ಗಾಯಕಿ ಬೆಚ್ಚಿಬಿದ್ದಳು. ಅಷ್ಟು ಚೆನ್ನಾಗಿ ಬಂದಿತ್ತು. 'ನೋಟ ಒಂದು, ಸುಸ್ಥಿತಿಯಲ್ಲಿ ಹಸ್ತಾಂತರಿಸಲಾಗಿದೆ' ಎಂಬ ಪತ್ರಕ್ಕೆ ಮೂವರ ಸಹಿ ಹಾಕಿಸಿದೆ.

ಮದುವೆ ನೋಂದಣಿ ಕಚೇರಿಯಲ್ಲಿ ಆಯಿತು. ಸಾಕ್ಷಿಗೆ ನಾನು ಮತ್ತು ಜಡೆ. ಸುತ್ತೋಲೆ ಈಗ ಗಾಯಕಿಗೂ ದೊಡ್ಡಪ್ಪನಿಗೂ ಅನ್ವಯಿಸುತ್ತದೆಯೇ ಹೊರತು ಗಂಡಹೆಂಡಿರಿಗಲ್ಲ ಎಂದು ನಾನು ಗಟ್ಟಿಯಾಗಿ ಓದಿ ಹೇಳಿದೆ.

"ನೋಡ್ಕೋಬಹುದು ಕಣ್ರಪ್ಪ, ಇನ್ನು ಯಾರ ಅಡ್ಡಿಯೂ ಇಲ್ಲ."

ಅವನು ಮುಖ ಎತ್ತಿದ. ಅವಳ ಕಣ್ಣು ತಾನಾಗೇ ಮುಚ್ಚಿಕೊಂಡಿತು. ಅವಳು ತೆರೆಯುವಷ್ಟರಲ್ಲಿ ಅವನು ಗೋಡೆ ನೋಡುತ್ತಿದ್ದ.

"ಅಭ್ಯಾಸ ಸಾರ್," ಎಂದು ನಕ್ಕಳು. "ನಿಧಾನಕ್ಕೆ ಸರಿಹೋಗುತ್ತೆ."

"ನೋಡ್ಕೊಂಡೇ ಸಹಿ ಮಾಡ್ಬೇಕು ಅಂತ ನಮ್ಮಲ್ಲೇನೂ ಇಲ್ಲ," ಎಂದು ನೋಂದಣಾಧಿಕಾರಿ ಸಮಾಧಾನ ಹೇಳಿ, ಮುಂದಿನವರನ್ನು ಕರೆದರು.

ಅದೇ ಸಂಜೆ ಕಾರ್ಯಕ್ರಮ. ಡ್ರಮ್ಮಿನವನು, ಈಗ ಬರೀ ಗಂಡ, ನೋಟದ ಸಾಲಿನಲ್ಲಿ ಟಿಕೆಟ್ಟು ತೆಗೆದು ಕೂತಿದ್ದ. ಏಳನೆಯ ಹಾಡು ಬಂತು. ದೊಡ್ಡಪ್ಪ ಕೋಲು ಎತ್ತಿದರು. ಗಾಯಕಿ ಜನಕ್ಕೆ ಬೆನ್ನು ಮಾಡಿ ಅವರ ಕಡೆ ತಿರುಗಿದಳು. ಸಭೆ ಗಪ್‌ಚಿಪ್. ನಾನು ಗಂಡನ ಕಡೆ ನೋಡಿದೆ. ಅವನ ತುಟಿ ಅಲ್ಲಾಡುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ.

ಕಾರ್ಯಕ್ರಮ ಮುಗಿದದ್ದೇ ತಡ, ನೇರ ವೇದಿಕೆಯ ಹಿಂದಕ್ಕೆ ಬಂದ.

"ಸಾರ್, ಇವತ್ತು ಮೂವತ್ತೊಂಬತ್ತೇ ಬಂತು."

ಸ್ಟಾಪ್‌ವಾಚ್ ನೋಡಿದೆ. ಮೂವತ್ತೊಂಬತ್ತು. "ನನ್ನ ತಪ್ಪಪ್ಪ, ಕಣ್ಣಲ್ಲಿ ನೀರು ಬಂತು, ಬೇಗ ಬಾರಿಸಿಬಿಟ್ಟೆ," ಎಂದು ದೊಡ್ಡಪ್ಪ ಒಪ್ಪಿಕೊಂಡರು. ಕೊರತೆಯ ಎರಡು ಸೆಕೆಂಡನ್ನು ನಾಳೆಗೆ ಸೇರಿಸಿ ನಲವತ್ತಮೂರು ಮಾಡುವುದೆಂದು ತೀರ್ಮಾನವಾಯಿತು. ನ್ಯಾಯವೇ ಎಂದು ಎಲ್ಲರೂ ಒಪ್ಪಿದರು. ಜಡೆಗೂ ಆಕ್ಷೇಪವಿರಲಿಲ್ಲ, ಅವನಿಗೆ ಆ ಹೊತ್ತಿಗೆಂದು ಒಂದು ಸ್ಟೂಲು ಮಂಜೂರಾಗಿತ್ತು.

ಅಷ್ಟರಲ್ಲಿ ಗಾಯಕಿ ಚೀಲದೊಳಗೆ ಕೈಯಾಡಿಸುತ್ತ ಬಂದಳು. ಗಂಡನ ಮುಂದೆ ನಿಂತಳು. ತಲೆ ಎತ್ತಿ ಅವನ ಮುಖವನ್ನೇ ನೆಟ್ಟಗೆ ನೋಡಿದಳು. ನನ್ನ ಬೆರಳು ಅಭ್ಯಾಸಬಲದಿಂದ ಸ್ಟಾಪ್‌ವಾಚಿನ ಗುಂಡಿ ಒತ್ತಿತು. ಅಬ್ಬ, ಕೊನೆಗೂ, ಅಂದುಕೊಂಡೆ.

"ರೂಮಿನ ಬೀಗದ ಕೈ ನಿನ್ನ ಹತ್ರ ಇದೆಯಾ?"

ಅವನು ಜೇಬು ತಡಕಿ ಕೊಟ್ಟ. ಅವಳು ಚೀಲವನ್ನು ಅಲ್ಲೇ ಬಿಟ್ಟು, ಬೀಗದ ಕೈ ತೆಗೆದುಕೊಂಡು ಹೋದಳು.

"ಎಷ್ಟು ಬಂತು ಸಾರ್?" ಎಂದ ಅವನು, ಅವಳು ಹೋದ ಬಾಗಿಲನ್ನೇ ನೋಡುತ್ತ.

"ನಾಲ್ಕು."

"ಹಂಗಾದ್ರೆ ಸಮಿತಿಯವರು ಹೇಳಿದ್ದು ಸರಿಯಾಗೇ ಇದೆ," ಎಂದು ತಲೆಯಾಡಿಸಿ, ಅವಳ ಚೀಲ ಎತ್ತಿಕೊಳ್ಳಲು ಹೋದ. ನಾನು ಬರೆದುಕೊಂಡೆ.