ಜೀಪಿನ ಬಲಪುಟದ ಷರಾ

ಕ್ಷಮಾಗುಣವನ್ನು ಕೊಂಡಾಡುವವರನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಇರುವುದು ಕ್ಷಮೆಯಲ್ಲ, ಮರೆವು. ಯಾರು ಏನೆಂದರೆಂಬುದು ಮೂರನೆಯ ದಿನಕ್ಕೆ ನೆನಪಿನಲ್ಲಿ ಉಳಿಯುವುದಿಲ್ಲ. ಆಗ ‘ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ’ ಎಂದು ಹೇಳಿ ದೊಡ್ಡವರಾಗಿಬಿಡುತ್ತಾರೆ. ನನಗೆ ಆ ಸೌಲಭ್ಯವಿಲ್ಲ. ಹೈಸ್ಕೂಲಿನಲ್ಲಿ ನಾನು ಬರೆದ ಜ್ಯಾಮಿತಿಯ ಚಿತ್ರವನ್ನು ಎತ್ತಿ ಹಿಡಿದು, ‘ಇದೇನಯ್ಯಾ, ವೃತ್ತವೋ ಹಲಸಿನ ಹಣ್ಣೋ?’ ಎಂದು ತರಗತಿಯನ್ನೆಲ್ಲ ನಗಿಸಿದ ಮೇಷ್ಟರ ಹೆಸರು, ಅವರ ಕೋಟಿನ ಬಣ್ಣ, ಅಂದು ಯಾವ ವಾರವಾಗಿತ್ತು ಎಂಬುದು ಮೂರೂ ನನಗೆ ನೆನಪಿವೆ. ಮೇಷ್ಟರು ತೀರಿಕೊಂಡು ಎಷ್ಟೋ ವರ್ಷಗಳಾದುವು. ವೃತ್ತ ಸರಿಯಾಗಿಯೇ ಇತ್ತು.

ವೃತ್ತಿಯಿಂದ ನಾನು ಸರ್ವೇಯರು. ಮೈಸೂರು ಸೀಮೆಯಲ್ಲಿ ಹನ್ನೊಂದು ವರ್ಷ ಸರಪಳಿ ಹಿಡಿಸಿ ಹೊಲಗದ್ದೆಗಳನ್ನು ಅಳೆದವನು. ಅನಂತರ ಕಡಲು ದಾಟಿ ಈ ಪರದೇಶಕ್ಕೆ ಬಂದು, ಸನ್ನಿವೇಲ್ ಎಂಬ ಊರಿನ ಸುತ್ತಮುತ್ತ ಇದ್ದ ಹಣ್ಣಿನ ತೋಟಗಳು ಒಂದೊಂದಾಗಿ ಮನೆ ನಿವೇಶನಗಳಾಗುವಾಗ ಅವುಗಳ ಮೂಲೆಮೂಲೆಗೆ ಗೂಟ ನೆಡಿಸಿದವನು. ನಮ್ಮ ಕಸುಬಿನ ಪುಸ್ತಕಕ್ಕೆ ಒಂದು ಕಟ್ಟಳೆಯುಂಟು: ಎಡಪುಟದಲ್ಲಿ ಅಳತೆ, ಬಲಪುಟದಲ್ಲಿ ಷರಾ. ತಪ್ಪು ಬರೆದರೆ ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು ಪಕ್ಕದಲ್ಲಿ ರುಜು ಹಾಕಬೇಕು. ನಿವೃತ್ತನಾದ ಮೇಲೆ ಹಳೆಯ ಜೀಪೊಂದನ್ನು ಕೊಂಡಾಗ ಅದಕ್ಕೂ ಇಂಥದೊಂದು ಪುಸ್ತಕವನ್ನು ತೆರೆದೆ. ಎಡಪುಟದಲ್ಲಿ ಜೀಪಿನ ರೋಗ ಮತ್ತು ನಾನು ಮಾಡಿದ ಚಿಕಿತ್ಸೆ. ಬಲಪುಟದಲ್ಲಿ, ಜೀಪಿನ ವಿಷಯವಾಗಿ ಯಾರು ಯಾರು ನನಗೆ ಏನೇನು ಅಂದರೆಂಬುದರ ಷರಾ. ಎಡಪುಟಕ್ಕೆ ಪೆನ್ಸಿಲು ಸಾಕು. ರೋಗ ವಾಸಿಯಾದ ಮೇಲೆ ಬರಹ ಮಾಸಿಹೋದರೂ ನಷ್ಟವಿಲ್ಲ. ಬಲಪುಟ ಮಾತ್ರ ಶಾಯಿಯಲ್ಲಿ.

ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಜೀಪು ಯಾಕೆಂದು ನೀವು ಕೇಳಬಹುದು. ಕೇಳಿದವರೆಲ್ಲ ಬಲಪುಟದಲ್ಲಿದ್ದಾರೆ, ಆದರೂ ಹೇಳುತ್ತೇನೆ. ಮೈಸೂರಿನ ಸೇವೆಯಲ್ಲಿದ್ದಾಗ ನಮ್ಮ ಕಚೇರಿಗೆ ಒಂದು ಜೀಪಿತ್ತು, ಜೀಪಿಗೊಬ್ಬ ಚಾಲಕನಿದ್ದ, ಸಿದ್ದಯ್ಯನೆಂದು. ಒಮ್ಮೆ ಕೆಸರಿನಲ್ಲಿ ಚಕ್ರ ಹೂತಾಗ, ‘ನೀನು ಇಳಿದು ತಳ್ಳು, ನಾನು ನಡೆಸುತ್ತೇನೆ’ ಎಂದೆ. ಅವನು ಬೀಡಿಯನ್ನು ಬಾಯಿಂದ ತೆಗೆಯದೆಯೇ, ‘ಸುಮ್ಕೆ ಕುಂತ್ಕಳಿ ಬುದ್ಧಿ. ತಾವು ಅಳ್ತೆ ನೋಡ್ಕಳಿ. ಈ ಗಾಡಿ ತಮ್ಮ ಕೈಗೆ ಬಗ್ಗಾಕಿಲ್ಲ’ ಎಂದ. ಅಂದು ತಳ್ಳಿದವನು ನಾನು. ಆ ಮಾತಿಗೆ ಉತ್ತರ ಕೊಡಲು ಮೂವತ್ತು ವರ್ಷ ಹಿಡಿಯಿತು. ಸಿದ್ದಯ್ಯ ಕೇಳಿಸಿಕೊಳ್ಳಲು ಇಲ್ಲವೆಂಬುದು ನನ್ನ ತಪ್ಪಲ್ಲ. ಜೀಪನ್ನು ಯಾವ ಮೆಕ್ಯಾನಿಕ್ಕಿನ ಕೈಗೂ ಕೊಡದೆ ನಾನೇ ರಿಪೇರಿ ಮಾಡಿಕೊಳ್ಳುತ್ತೇನೆಂಬ ನನ್ನ ಶಪಥದ ಮೂಲವೂ ಅದೇ ಕೆಸರು.

ಜೀಪು ಮನೆಗೆ ಬಂದ ದಿನ ನನ್ನ ಭಾವಮೈದ ರಘುಪತಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅವನು ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯಲ್ಲಿ ಇಂಜಿನಿಯರು. ಸರಟೋಗಾದ ಗುಡ್ಡದ ಮೇಲೆ ಹೊಸ ಮನೆ, ಮನೆಯ ಮುಂದೆ ಸದ್ದೇ ಮಾಡದ ಹೊಸ ಕಾರು. “ಭಾವ, ಇದನ್ನ ಯಾವ ಮ್ಯೂಸಿಯಮ್ಮಿಂದ ಎತ್ಕೊಂಡ್ ಬಂದ್ರಿ?” ಎಂದ. ಪುಸ್ತಕದ ಬಲಪುಟ ಆರಂಭವಾದದ್ದೇ ಆ ವಾಕ್ಯದಿಂದ.

ಒಂದು ವರ್ಷ ಜೀಪು ಗಂಭೀರವಾಗಿ ನಡೆದುಕೊಂಡಿತು. ಆಮೇಲೆ ಎರಡನೆಯ ಆಯುಧಪೂಜೆ ಬಂತು. ಆಯುಧಪೂಜೆಯನ್ನು ಇಲ್ಲಿ ಕೆಲವರು ಕಾರಿನ ಬಾನೆಟ್ಟಿನ ಮೇಲೆ ಒಂದು ಹೂವಿಟ್ಟು, ಕೈಗಡಿಯಾರ ನೋಡಿಕೊಂಡು, ಮುಗಿಸಿಬಿಡುತ್ತಾರೆ. ನಾನು ಹಾಗಲ್ಲ. ಸಾಣೆಕಲ್ಲಿನ ಮೇಲೆ ಚಂದನದ ಕೊರಡನ್ನು ನಾನೇ ತೇದೆ. ಹಿಂದಿನ ವರ್ಷ ಇಟ್ಟಿದ್ದ ಬೊಟ್ಟುಗಳೆಲ್ಲ ಫ್ರೀವೇ ಗಾಳಿಗೆ ಒಂದೇ ವಾರದಲ್ಲಿ ಉದುರಿಹೋಗಿದ್ದುವು, ಅದನ್ನು ನೋಡಿದ ರಘುಪತಿ, “ಏನ್ ಭಾವ, ನಿಮ್ಮ ದೇವ್ರು ಫಿಫ್ಟಿ ಫೈವ್ ಮೈಲಿ ಸ್ಪೀಡಿಗೆ ಇಳಿದು ಹೋಗ್ಬಿಟ್ನಾ?” ಎಂದು ಕೇಳಿದ್ದ. ಅದಕ್ಕೇ ಈ ಸಲ ಗಂಧಕ್ಕೆ ಗೋಂದು ಬೆರೆಸಿದೆ. ಬಾನೆಟ್ಟು, ಸ್ಟೀರಿಂಗು, ನಾಲ್ಕು ಚಕ್ರ, ಎರಡು ದೀಪ, ಬ್ಯಾಟರಿ, ಗ್ಯಾಸ್ ಟ್ಯಾಂಕಿನ ಮುಚ್ಚಳ, ಕೊನೆಗೆ ಸ್ಪಾನರುಗಳು: ಎಲ್ಲಕ್ಕೂ ಗಂಧ, ಅದರ ಮೇಲೆ ಕುಂಕುಮ. ನನ್ನ ಹೆಂಡತಿ ಶಾರದೆ, “ಸಾಕು ಬಿಡ್ರೀ, ಬೊಟ್ಟು ಇಡ್ತಿದ್ದೀರೋ ಗೋಡೆಗೆ ಗಾರೆ ಮೆತ್ತುತ್ತಿದ್ದೀರೋ?” ಎಂದಳು. ಚಕ್ರಗಳಡಿ ನಿಂಬೆಹಣ್ಣುಗಳು ಚಿಟಿಲ್ಲೆಂದುವು. ಪೂಜೆಯ ಬೊಟ್ಟನ್ನು ಒರೆಸಬಾರದು, ತಾನಾಗಿಯೇ ಹೋಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಗೋಂದಿನ ಬೊಟ್ಟು ಹೋಗುವ ಸೂಚನೆಯೇ ಇರಲಿಲ್ಲ. ನನಗೆ ತೃಪ್ತಿಯಾಯಿತು.

ವಿಜಯದಶಮಿಯ ಮರುದಿನ ಫ್ರೀವೇಯಲ್ಲಿ ಐದಾರು ಮೈಲಿ ಹೋಗುವಷ್ಟರಲ್ಲಿ ಜೀಪು ಎರಡು ಸಲ ಕೆಮ್ಮಿ ನಿಂತುಹೋಯಿತು. ರಸ್ತೆಯ ಅಂಚಿಗೆ ಉರುಳಿಸಿಕೊಂಡು ಹೋಗಿ, ಬಾನೆಟ್ಟು ಎತ್ತಿ, ವಿಧಿವತ್ತಾಗಿ ಪರೀಕ್ಷಿಸಿದೆ. ಏನೂ ಕಾಣಲಿಲ್ಲ. ಅರ್ಧ ಗಂಟೆಯ ಮೇಲೆ ಕೀಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಟಿತು. ಈ ನಾಟಕ ಮೂರು ವಾರ ನಡೆಯಿತು. ಪ್ರತಿ ಸಲವೂ ಮನೆಗೆ ಬಂದು ಒಂದೊಂದು ಅಂಗವನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದೆ. ಮೊದಲು ಗ್ಯಾಸಿನ (ಇಲ್ಲಿಯವರು ಪೆಟ್ರೋಲನ್ನು ಕರೆಯುವುದೇ ಹಾಗೆ) ಫಿಲ್ಟರು ಬದಲಾಯಿತು. ಮುಂದಿನ ವಾರ ಕಾರ್ಬುರೇಟರನ್ನು ಕಳಚಿ, ಅದರ ಒಂದೊಂದು ತೂತನ್ನೂ ಊದಿ, ಅಡಿಗೆಮನೆಯ ಮೇಜಿನ ಮೇಲೆ ಒಣಗಿಸಿದೆ. ಅಂದು ನಮಗೆ ಊಟ ಹೊರಗೆ. ಪಂಪು ಹೊಸದಾಯಿತು. ಪ್ಲಗ್ಗುಗಳು ಹೊಸವಾದುವು. ಜೀಪಿನ ಗ್ಯಾಸ್ ಮುಳ್ಳು ಕೆಲಸ ಮಾಡುವುದಿಲ್ಲವಾಗಿ, ಕೆಲಸ ಮುಗಿದ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದು, ನನ್ನ ಹಳೆಯ ಮರದ ಅಡಿಕೋಲನ್ನು ಅದ್ದಿ ಮಟ್ಟ ನೋಡಿ, ಮತ್ತೆ ಬಿಗಿಯಾಗಿ ತಿರುಗಿಸಿ, ಬೀದಿಯಲ್ಲಿ ಎರಡು ಸುತ್ತು ಹೊಡೆಯುತ್ತಿದ್ದೆ. ಜೀಪು ಕುದುರೆಯಂತೆ ಓಡುತ್ತಿತ್ತು. ಎಡಪುಟದಲ್ಲಿ ‘ರೋಗ ನಿವಾರಣೆ’ ಎಂದು ಬರೆಯುತ್ತಿದ್ದೆ. ಫ್ರೀವೇಗೆ ಹೋದೊಡನೆ ಮತ್ತೆ ಕೆಮ್ಮು.

ಅಕ್ಟೋಬರಿನ ಬಿಸಿಲಿಗೆ ಕೊಳವೆಯಲ್ಲಿ ಗ್ಯಾಸು ಆವಿಯಾಗುತ್ತದೆ, ಕೊಳವೆಗೆ ಮರದ ಬಟ್ಟೆಕ್ಲಿಪ್ಪುಗಳನ್ನು ಕಚ್ಚಿಸಿದರೆ ತಣ್ಣಗಿರುತ್ತದೆ ಎಂದು ಪಕ್ಕದ ಮನೆಯ ಮುದುಕರು ಹೇಳಿದರು. ಹನ್ನೆರಡು ಕ್ಲಿಪ್ಪು ಹಾಕಿದೆ. ಶಾರದೆಯ ಸೀರೆಗಳು ಹಿತ್ತಿಲ ಹುಲ್ಲಿನ ಮೇಲೆ ಬಿದ್ದುವು. ರಘುಪತಿ ಬಾನೆಟ್ಟಿನೊಳಗೆ ಇಣುಕಿ, “ಭಾವ, ಇಂಜಿನ್ ಒಳಗೆ ಬಟ್ಟೆ ಒಣಗಾಕಿದ್ದೀರಾ? ಅಕ್ಕ, ನಿನ್ನ ಲಾಂಡ್ರಿ ಪ್ರಾಬ್ಲಮ್ ಸಾಲ್ವ್ ಆಯ್ತಲ್ಲೇ!” ಎಂದ. ಬಲಪುಟ, ಹದಿನಾಲ್ಕನೆಯ ಷರಾ.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದವನು ಬಿಡಿಭಾಗಗಳ ಅಂಗಡಿಯ ವಾಲ್ಟರ್. ಪಂಪು ಕೊಳ್ಳಲು ಹೋದಾಗ, ಒಂದೂ ವಿವರ ಬಿಡದೆ, ಕಾಲಾನುಕ್ರಮದಲ್ಲಿ, ರೋಗದ ಚರಿತ್ರೆಯನ್ನು ಅವನಿಗೆ ಹೇಳಿದೆ. ಅವನು ಚೂಯಿಂಗ್ ಗಮ್ಮು ಅಗಿಯುತ್ತ ಕೇಳಿಸಿಕೊಂಡು ಅಂದದ್ದು ಒಂದೇ ಮಾತು: “ಗ್ಯಾಸ್ ಕ್ಯಾಪನ್ನು ಸಡಿಲ ಮಾಡಿ ನೋಡಿದಿರಾ?” ನೀವೇ ಯೋಚಿಸಿ. ಜೀವಮಾನವೆಲ್ಲ ಅಂಗುಲದ ನೂರನೆಯ ಭಾಗಕ್ಕೆ ಬೆಲೆ ಕೊಟ್ಟವನಿಗೆ, ಕಾರ್ಬುರೇಟರಿನ ಕರುಳನ್ನೇ ತೊಳೆದವನಿಗೆ, ಮುಚ್ಚಳ ಸಡಿಲಿಸಿ ನೋಡೆಂದು ಹೇಳುವುದು! ಬುದ್ಧಿಯಿಲ್ಲದವನನ್ನು ಸಾಗಹಾಕಲು ಅಂಗಡಿಯವರು ಇಟ್ಟುಕೊಂಡ ಮಾತಿದು ಎಂದು ನನಗೆ ಆ ಕ್ಷಣವೇ ತಿಳಿಯಿತು. “ನನಗೆ ಬೇಕಾದದ್ದು ಪಂಪು, ಉಪದೇಶವಲ್ಲ” ಎಂದೆ. ಮನೆಗೆ ಬಂದು ಅವನ ಮಾತನ್ನು ಒಂದಕ್ಷರ ಬಿಡದೆ ಬಲಪುಟದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಅಷ್ಟರಲ್ಲಿ ದೀಪಾವಳಿ ಸಮೀಪಿಸಿತು. ರಘುಪತಿಯ ಹೊಸ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಲವತ್ತು ಜನರಿಗೆ ಊಟ, ಬಿಸಿಬೇಳೆಬಾತು ಶಾರದೆಯದು. ಹಿಂದಿನ ವಾರ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ ಅವನು, “ಅಕ್ಕ, ನೀನೂ ಪಾತ್ರೇನೂ ನನ್ನ ಕಾರಲ್ಲಿ ಬಂದ್ಬಿಡಿ. ಭಾವ ಜೀಪ್ ಜೊತೆ ನಿಧಾನಕ್ಕೆ ಬರ್ಲಿ, ಯುಗಾದಿ ಹೊತ್ತಿಗೆ ಸೇರ್ಕೋತಾರೆ” ಎಂದ.

“ಪಾತ್ರೆ ಜೀಪಿನಲ್ಲಿಯೇ ಬರುತ್ತದೆ” ಎಂದೆ ನಾನು.

ಶಾರದೆ ಲೋಟ ಕೆಳಗಿಟ್ಟಳು. “ಬರ್ಲಿ. ನಾನೂ ಅದರಲ್ಲೇ ಬರ್ತೀನಿ. ಆದ್ರೆ ರೀ, ರಘು ಮುಂದೇನೇ ಹೇಳ್ತಿದ್ದೀನಿ, ಕೇಳ್ಕೊಳ್ಳಿ. ಅವತ್ತು ಇದು ದಾರೀಲಿ ನಿಂತು, ನೀವಾಗಿ ಹೊರಡಿಸೋಕೆ ಆಗ್ಲಿಲ್ಲ ಅಂದ್ರೆ, ಸೋಮವಾರ ಬೆಳಿಗ್ಗೆ ಗುಜರಿಯವನಿಗೆ ನಾನೇ ಫೋನ್ ಮಾಡ್ತೀನಿ. ಒಪ್ಪಿಗೇನಾ?”

“ಒಪ್ಪಿಗೆ” ಎಂದೆ. ಒಪ್ಪದಿದ್ದರೆ ಸಿದ್ದಯ್ಯನ ಮಾತು ಗೆದ್ದಂತಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಟ್ಯಾಂಕನ್ನು ಕತ್ತಿನ ತನಕ ತುಂಬಿಸಿ ಮುಚ್ಚಳವನ್ನು ಎರಡು ಕೈಯಿಂದ ಬಿಗಿದೆ. ಬಿಸಿಬೇಳೆಬಾತಿನ ಪಾತ್ರೆಯನ್ನು ಹಿಂದೆ ಇರಿಸಿ, ಸರ್ವೇ ಸರಪಳಿಗೆ ಹಾಕುವ ಗಂಟನ್ನೇ ಹಾಕಿ ಹಗ್ಗದಿಂದ ಕಟ್ಟಿದೆ. ರಘುಪತಿ, ಕರೆಯದಿದ್ದರೂ, ತನ್ನ ಕಾರಿನಲ್ಲಿ ನಮ್ಮ ಹಿಂದೆಯೇ ಬಂದ. ಶವಯಾತ್ರೆಗೆ ಬರುವವರು ಸಹ ಇಷ್ಟು ಹತ್ತಿರದಲ್ಲಿ ಬರುವುದಿಲ್ಲ. ಫ್ರೀವೇ ದಾಟಿತು. ಪೇಟೆ ದಾಟಿತು. ಅವನ ಮನೆಗೆ ಏರುವ ರಸ್ತೆಯಲ್ಲಿ, ಇನ್ನು ಅರ್ಧ ಮೈಲಿ ಇರುವಾಗ, ಜೀಪು ಎರಡು ಸಲ ಕೆಮ್ಮಿತು. ನಿಂತಿತು. ಹಿಂದಿನಿಂದ ಸಾಸಿವೆ, ಇಂಗಿನ ಪರಿಮಳ ಬಂದು ನನ್ನನ್ನು ಅಣಕಿಸಿತು.

ರಘುಪತಿ ಇಳಿದು ಬಂದ. ಅವನ ಮುಖದಲ್ಲಿ ದುಃಖವೇ ಇತ್ತು. ಅದು ನಗೆಗಿಂತ ಹೆಚ್ಚು ಚುಚ್ಚಿತು. “ಬಿಡಿ ಭಾವ, ನೀವು ಟ್ರೈ ಮಾಡಿದ್ರಿ. ಬಾತು ಆರಿಹೋಗುತ್ತೆ, ಪಾತ್ರೆ ನನ್ನ ಕಾರಿನ ಟ್ರಂಕಿಗೆ ಹಾಕೋಣ. ಗುಜರಿಯವನ ನಂಬರು ಬೇಕಾದ್ರೆ ನಾನೇ ಕೊಡ್ತೀನಿ.”

“ಐದು ನಿಮಿಷ” ಎಂದೆ. ಪುಸ್ತಕವನ್ನು ತೆರೆದೆ. ಎಡಪುಟದಲ್ಲಿ ಮಾಡದೆ ಉಳಿದದ್ದು ಏನಾದರೂ ಇದೆಯೇ ಎಂದು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದೆ. ಇರಲಿಲ್ಲ, ಬದಲಿಸದೆ ಉಳಿದದ್ದು ಜೀಪಿನ ಬಣ್ಣವೊಂದೇ. ಸರಿ, ರಘುಪತಿಯ ಈಗಿನ ಮಾತನ್ನಾದರೂ ಬಿಸಿಯಾಗಿರುವಾಗಲೇ ದಾಖಲಿಸೋಣವೆಂದು ಪೆನ್ನು ತೆಗೆದು ಬಲಪುಟಕ್ಕೆ ಬಂದೆ. ಅಲ್ಲಿ, ನನ್ನದೇ ದುಂಡಾದ ಅಕ್ಷರದಲ್ಲಿ, ಎರಡು ಗೆರೆಯ ಮೇಲೆ, ವಾಲ್ಟರನ ಮಾತು ಕುಳಿತಿತ್ತು: ‘ಗ್ಯಾಸ್ ಕ್ಯಾಪನ್ನು ಸಡಿಲ ಮಾಡಿ ನೋಡಿದಿರಾ?’

ನೋಡಿರಲಿಲ್ಲ.

ಮೂರು ವಾರಗಳಲ್ಲಿ ಆ ಜೀಪಿಗೆ ನಾನು ಮಾಡದೆ ಉಳಿಸಿದ್ದ ಕೆಲಸ ಅದೊಂದೇ. ರಘುಪತಿಯನ್ನು ಪಾತ್ರೆಯ ಹಗ್ಗ ಬಿಗಿಯಾಗಿದೆಯೇ ನೋಡೆಂದು ಆ ಕಡೆಗೆ ಕಳಿಸಿ, ಈ ಕಡೆ ಬಂದು, ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿದೆ. ‘ಉಸ್ಸ್’ ಎಂದು ಟ್ಯಾಂಕು ದೀರ್ಘವಾಗಿ ಉಸಿರೆಳೆದುಕೊಂಡಿತು. ಮೂರು ವಾರ ಮೂಗು ಮುಚ್ಚಿ ಹಿಡಿದಿದ್ದವರು ಕೈ ಬಿಟ್ಟರೆ ಹೇಗೋ ಹಾಗೆ. ಮುಚ್ಚಳದ ನಡುವೆ ಗಾಳಿಗೆಂದು ಇಟ್ಟಿದ್ದ, ಸೂಜಿಯ ಮೊನೆಯಷ್ಟು ರಂಧ್ರದ ಮೇಲೆ, ಕಲ್ಲಿನಂತೆ ಗಟ್ಟಿಯಾಗಿ, ಗೋಂದು ಬೆರೆಸಿದ ಗಂಧ, ಅದರ ಮೇಲೆ ಕುಂಕುಮ! ಗ್ಯಾಸು ಹೊರಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಪಂಪು ತಾನೇ ಏನನ್ನು ಎಳೆದೀತು? ಬೀದಿಯ ಸುತ್ತಿನಲ್ಲಿ ಜೀಪು ಕುದುರೆಯಾಗುತ್ತಿದ್ದದ್ದು ನನ್ನ ಚಿಕಿತ್ಸೆಯಿಂದಲ್ಲ, ಅಡಿಕೋಲು ಅದ್ದಲು ಮುಚ್ಚಳ ತೆಗೆಯುತ್ತಿದ್ದುದರಿಂದ.

ಶಾರದೆ ಯಾವಾಗ ಇಳಿದು ನನ್ನ ಪಕ್ಕಕ್ಕೆ ಬಂದಳೋ ತಿಳಿಯದು. ಮುಚ್ಚಳ ನೋಡಿದಳು, ನನ್ನ ಮುಖ ನೋಡಿದಳು. ಸೆರಗಿಗೆ ಚುಚ್ಚಿದ್ದ ಪಿನ್ನು ತೆಗೆದು, ಬೊಟ್ಟಿನ ನಡುವೆ ಚುಚ್ಚಿ ಆಚೀಚೆ ತಿರುಗಿಸಿ, ಊದಿ, ಪಿನ್ನನ್ನು ಮತ್ತೆ ಸೆರಗಿಗೆ ಹಾಕಿಕೊಂಡಳು. “ಗಾರೆ ಅಂದಿದ್ದೆ, ಕೇಳ್ಲಿಲ್ಲ” ಎಂದಳು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಕೀಲಿ ತಿರುಗಿಸಿದೆ. ಜೀಪು ಗುಡುಗಿತು.

“ಭಾವ! ಏನ್ ಮಾಡಿದ್ರಿ?” ರಘುಪತಿ ಓಡಿಬಂದ.

“ವ್ಯವಸ್ಥಿತವಾಗಿ ಪರಿಶೀಲಿಸಿದೆ” ಎಂದೆ. ಸುಳ್ಳಲ್ಲ. ಬಿಸಿಬೇಳೆಬಾತು ಹೊಗೆಯಾಡುತ್ತಲೇ ಗುಡ್ಡ ಹತ್ತಿತು. ಊಟದ ಹೊತ್ತಿನಲ್ಲಿ ನಾನು ಯಾರ ಪ್ರಶ್ನೆಗೂ ಇದಕ್ಕಿಂತ ಹೆಚ್ಚು ಉತ್ತರ ಕೊಡಲಿಲ್ಲ. ಗುಜರಿಯವನಿಗೆ ಫೋನೂ ಹೋಗಲಿಲ್ಲ. ಶಾರದೆ ಮಾತಿಗೆ ತಪ್ಪುವವಳಲ್ಲ.

ಮರುವಾರ ವಾಲ್ಟರನ ಅಂಗಡಿಗೆ ಹೋದೆ. ಬೇಕಾಗಿಯೇ ಇರದ ಒಂದು ಫ್ಯಾನ್ ಬೆಲ್ಟು ಕೊಂಡೆ. ಅವನು ಗಮ್ಮು ಅಗಿಯುತ್ತ, “ಗಾಡಿ ಓಡುತ್ತಿದೆಯೆ?” ಎಂದ. “ಓಡುತ್ತಿದೆ.” “ಕ್ಯಾಪೇ ತಾನೆ?” “ಹಲವು ಕಾರಣಗಳಲ್ಲಿ ಅದೂ ಒಂದು” ಎಂದೆ. ಅವನು ನಕ್ಕ. ಆ ನಗೆಯನ್ನು ಪ್ರತ್ಯೇಕವಾಗಿ ದಾಖಲಿಸಿದ್ದೇನೆ.

ಬೊಟ್ಟನ್ನು ನಾನು ಒರೆಸಲಿಲ್ಲ, ಒರೆಸುವುದೂ ಇಲ್ಲ. ನಡುವೆ ಒಂದು ಪಿನ್ನಿನ ತೂತಿರುವುದರಿಂದ ದೇವರಿಗೇನೂ ಕಡಿಮೆಯಾಗಿಲ್ಲ. ಮುಂದಿನ ವರ್ಷವೂ ಗೋಂದು ಬೆರೆಸುತ್ತೇನೆ, ಹೇಳುವವರು ಹೇಳಲಿ. ಪುಸ್ತಕದ ಮಟ್ಟಿಗೆ ಮಾತ್ರ ನ್ಯಾಯ ಸಲ್ಲಿಸಬೇಕಾಗಿತ್ತು. ವಾಲ್ಟರನ ಮಾತಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ರುಜು ಹಾಕಿ, ಅದನ್ನು ಎಡಪುಟಕ್ಕೆ, ಚಿಕಿತ್ಸೆಯ ಸಾಲಿಗೆ ವರ್ಗಾಯಿಸಿದೆ. ಬಲಪುಟದಲ್ಲಿ ಅವನು ಖಾಲಿ ಮಾಡಿದ ಜಾಗಕ್ಕೆ, ಜೀಪನ್ನು ಮೂರು ವಾರ ಉಸಿರುಕಟ್ಟಿಸಿದವನ ಹೆಸರು ಬರಬೇಕು. ಪದ್ಧತಿಯೆಂದರೆ ಪದ್ಧತಿ. ಬರೆದಿದ್ದೇನೆ, ಪೂರ್ತಿ ಹೆಸರನ್ನೇ ಬರೆದಿದ್ದೇನೆ. ಪೆನ್ಸಿಲಿನಲ್ಲಿ.