ಫೋಟೊದೊಳಗಿನ ಬದು

ಶಿವರಾತ್ರಿ ಮುಗಿದು, ಚಳಿ ಶಿವಶಿವಾ ಅನ್ನುತ್ತ ಊರು ಬಿಟ್ಟು ಹೋಗಿತ್ತು. ಹೊನವಾಡದ ಕಡೆ ದ್ರಾಕ್ಷಿ ಕೊಯ್ದು ಶೆಡ್ಡಿನಲ್ಲಿ ಒಣಹಾಕುವ ಹಂಗಾಮು. ಬುಧವಾರ, ಸಿದ್ಧೇಶ್ವರ ಗುಡಿಯ ಮುಂದೆ ಹೂವಿನವರು ಮಾಲೆಗಳಿಗೆ ನೀರು ಚಿಮುಕಿಸುತ್ತಿದ್ದ ಮುಂಜಾನೆಯ ಹೊತ್ತು. ಆಗ ರಾಜಾರಾಮನ ಅಂಗಡಿಯ ಕಟ್ಟಿಗೆ ಮೆಟ್ಟಿಲು ಹೊನವಾಡದಿಂದ ಬಂದ ಮಂದಿಯ ಭಾರಕ್ಕೆ ನರಳಿತು.

ಮೆಟ್ಟಿಲು ನರಳಿದ್ದು ಕೇಳಿ ಮೇಲೆ ಕೂತಿದ್ದ ರಾಜಾರಾಮನೂ ನರಳಿದ. ಬಳೆ ಅಂಗಡಿಯ ಮೇಲಿನ ಆ ಒಂದು ಖೋಲಿಯಲ್ಲಿ ಅವನು ಲಗ್ನಪತ್ರಿಕೆ, ಹುಟ್ಟುಹಬ್ಬದ ಬ್ಯಾನರು ಮಾಡಿಕೊಂಡು ಇದ್ದವನು. ಈಚೆಗೆ ವೆಬ್‌ಪುಟ ಮಾಡುವ ವಿದ್ಯೆ ಕಲಿತಿದ್ದ. ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಮಾವನಿಂದಲೇ. ಮಾವನಿಂದ ಸಿಕ್ಕ ಕೆಲಸವೆಂದರೆ ಮಾವನ ಮನೆಯ ಎಮ್ಮೆ ಇದ್ದ ಹಾಗೆ. ಹಾಲು ಕೊಟ್ಟರೂ ಹೇಳುವಂತಿಲ್ಲ, ಒದ್ದರೂ ಹೇಳುವಂತಿಲ್ಲ.

ತೊಂದರೆಯ ಬೀಜ ಸಣ್ಣದು. ಒಂದು ಫೋಟೊ. ಹೊನವಾಡದಲ್ಲಿ ಮಾವ ಪರಸಪ್ಪನ ಒಣದ್ರಾಕ್ಷಿ ಶೆಡ್ಡಿನ ಮುಂದೆ ತೆಗೆದದ್ದು. ಒಂದು ಹೊರಸಿನ ಮೇಲೆ ಪರಸಪ್ಪ, ರುಮಾಲಿನ ಭಾಗಪ್ಪ, ಬಿಳಿ ಟೊಪ್ಪಿಗೆಯ ಲಾಡಲೇಸಾಬ, ಮೂವರೂ ಒತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಬುಟ್ಟಿ ಹಿಡಿದು ಮಾಳವ್ವ ನಿಂತಿದ್ದಳು. ನಾಲ್ವರಿಗೂ ದ್ರಾಕ್ಷಿ ತೋಟ. ವೆಬ್‌ಪುಟದಲ್ಲಿ ಈ ಫೋಟೊ ಬರಬೇಕು. ಯಾರ ಮೇಲೆ ಒತ್ತಿದರೆ ಅವರ ಪುಟ ತೆರೆಯಬೇಕು. ಅದರಲ್ಲಿ ಹಸಿರೋ ಹಳದಿಯೋ ಕರಿಯೋ ಎಂದು ಪಟ್ಟಿಯಿಂದ ಆರಿಸಿ, ಎಷ್ಟು ಬೇಕೆಂದು ಹೇಳಿ, ಮಾಲು ಕೇಳಬೇಕು. ಸೊಲ್ಲಾಪುರದ ವ್ಯಾಪಾರಿ ಅಲ್ಲಾಉದ್ದೀನ ಶೇಠ ಅಂದು ಸಂಜೆ ನಾಲ್ಕಕ್ಕೆ ಅದನ್ನು ನೋಡುವವನಿದ್ದ.

ಅದರ ಮೇಲೆ ಒಂದು ಮಾತಾಗಿತ್ತು. ಹಿಂದಿನ ವಾರ ಪರಸಪ್ಪ ಅಳಿಯನ ಬೆನ್ನ ಮೇಲೆ ಕೈ ಆಡಿಸಿ, ಬಹಳ ಮರ್ಯಾದೆಯಿಂದ ಹೇಳಿದ್ದ:

"ಅಳ್ಯಾರ, ಶೇಠ ಫೋಟೊ ಒತ್ತಿ ಮಾಲು ಕೇಳಿದ್ರ ನಿಮ್ಮ ಅಂಗಡಿ ನಿಮಗ. ಕೇಳಲಿಲ್ಲಂದ್ರ ಮರುದಿನ ಮುಂಜಾನೆ ಶೆಡ್ಡಿಗೆ ಬಂದು ಮಣೂಕ ಆರಸಾಕ ನಿಂದರಬೇಕು."

ಮಣೂಕ ಅಂದರೆ ಒಣದ್ರಾಕ್ಷಿ. ಆ ಹೆಸರು ಕೇಳಿದರೆ ರಾಜಾರಾಮನ ಎಡಗಣ್ಣಿನ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ಹಂಗಾಮು ಆ ಶೆಡ್ಡಿನಲ್ಲಿ ನಿಂತಿದ್ದ. ಮೇಲೆ ತಗಡಿನ ಕಾವು, ಕೈಗೆ ಬೆಲ್ಲದಂಥ ಅಂಟು, ಸುತ್ತ ಕಣಜದ ಹುಳುಗಳ ಗುಂಯ್‌ಗುಟ್ಟುವಿಕೆ. ಅವುಗಳಲ್ಲಿ ಒಂದು ರೆಪ್ಪೆಗೇ ಕಡಿದು, ಅವನ ಮುಖ ಬದನೆಕಾಯಿ ಆಗಿತ್ತು. ಈಗ ಹೆಂಡತಿ ವಿಶಾಖಾ ತವರಿನಿಂದ ಫೋನು ಮಾಡಿ, ಅಪ್ಪ ನಿಮ್ಮ ಕಾಲಿನ ಅಳತೆ ಕೇಳಿ ಹೊಸ ಗಂಬೂಟು ತಂದಿಟ್ಟಾನೆಂದು ತಿಳಿಸಿದ್ದಳು. ಕೆಲಸ ಗೆದ್ದರೆ ಟಿಕೋಟಾ, ಬಬಲೇಶ್ವರ, ಸಾರವಾಡದ ತೋಟದವರೆಲ್ಲ ತನ್ನ ಮೆಟ್ಟಿಲು ಹತ್ತುತ್ತಾರೆ. ಸೋತರೆ ತಾನು ಗಂಬೂಟು ಹತ್ತಬೇಕು. ರಾಜಾರಾಮನ ಲೆಕ್ಕ ಇಷ್ಟೇ.

ನಾಲ್ವರೂ ಬಂದು ಕಂಪ್ಯೂಟರಿನ ಮುಂದೆ ಕೂತರು. ರಾಜಾರಾಮ ಮೌಸಿನ ಬಾಣವನ್ನು ಫೋಟೊದ ಮೇಲೆ ಸರಿಸಿದ. ಭಾಗಪ್ಪನ ಮೇಲೆ ಬಂದ ಕೂಡಲೇ ಬಾಣ ಹೋಗಿ ಸಣ್ಣ ಕೈಯಾಯಿತು. ಹೀಗೆ ಕೈ ಕಂಡರೆ ಅಲ್ಲಿ ಒತ್ತಬಹುದೆಂದು ಅರ್ಥ, ಎಂದು ವಿವರಿಸಿದ. ಎಲ್ಲರೂ ತಲೆಯಾಡಿಸಿದರು. ಕೈ ಸರಿದು ಸರಿದು ಮಾಳವ್ವನ ಭುಜದ ಮೇಲೆ ಬಂತು.

"ಯಾರದು ಆ ಕೈ?" ಅಂದಳು ಮಾಳವ್ವ.

ಯಾರದೂ ಅಲ್ಲ, ಕಂಪ್ಯೂಟರಿನದು ಎಂದು ರಾಜಾರಾಮ ಹೇಳಿದ. ಕಂಪ್ಯೂಟರಿಗೂ ತನಗೂ ಏನು ಸಂಬಂಧ ಎಂದು ಅವಳು ಕೇಳಿದಳು. ಮೊಮ್ಮಕ್ಕಳನ್ನು ಕಂಡ ಹೆಂಗಸಿನ ಮೈಮೇಲೆ ನಾಲ್ಕು ಮಂದಿಯ ಮುಂದೆ ಕೈ ಇಡುವುದು ಯಾವ ರೀತಿ?

"ನೋಡು ಯಪ್ಪಾ, ಬಾಣ ಬಂದ್ರ ತಡಕೋತೇನಿ. ಕೈ ಬಂದ್ರ ತಡಕೊಳ್ಳಂಗಿಲ್ಲ."

ರಾಜಾರಾಮ ಮಾಳವ್ವನ ಮಟ್ಟಿಗೆ ಕೈ ತೆಗೆದು ಬಾಣವನ್ನೇ ಉಳಿಸಿದ. ಅಷ್ಟರಲ್ಲಿ ಲಾಡಲೇಸಾಬ ತನ್ನ ಭುಜದ ಮೇಲೆ ತಾನೇ ಒತ್ತಿದ್ದ. ತೆರೆದದ್ದು ಭಾಗಪ್ಪನ ಪುಟ. ಇನ್ನೊಮ್ಮೆ ಒತ್ತಿದ. ಮತ್ತೆ ಭಾಗಪ್ಪನೇ ನಗುತ್ತ ಬಂದ. ಫೋಟೊದಲ್ಲಿ ಭಾಗಪ್ಪನ ರುಮಾಲಿನ ಸೆರಗು ಲಾಡಲೇಸಾಬನ ಭುಜದ ಮೇಲೆ ಬಿದ್ದಿತ್ತು. ಒತ್ತಿದರೆ ಭಾಗಪ್ಪ ಬರುವಂತೆ ರಾಜಾರಾಮ ರುಮಾಲನ್ನೂ ಸೇರಿಸಿ ಗೆರೆ ಎಳೆದಿದ್ದ.

ಬೇರೆ ಇಬ್ಬರಾಗಿದ್ದರೆ ನಕ್ಕು ಬಿಡುತ್ತಿದ್ದರು. ಇವರಿಬ್ಬರ ತೋಟಗಳು ಒಂದಕ್ಕೊಂದು ಹತ್ತಿ ಇದ್ದವು. ನಡುವಿನ ಬದುವಿನ ಮೇಲೆ ಅವರಪ್ಪಂದಿರ ಕಾಲದಿಂದ ಜಗಳ. ಒಂದೇ ಹೊರಸಿನ ಮೇಲೆ ಕೂತು, ಒಂದೇ ಬಸ್ಸಿನಲ್ಲಿ ಬಂದು, ಒಂದೇ ಚಹಾವನ್ನು ಅರ್ಧ ಅರ್ಧ ಕುಡಿದು ಜಗಳಾಡುವ ಮಂದಿ.

"ಹೊಲದಾಗ ನನ್ನ ಬದು ತಿಂದಾನ," ಅಂದ ಲಾಡಲೇಸಾಬ ತಣ್ಣಗೆ. "ಈಗ ಫೋಟೊದಾಗ ನನ್ನ ಹೆಗಲಿಗೆ ಬಂದಾನ."

"ರುಮಾಲು ಗಾಳಿಗೆ ಬಂದೈತಿ. ಗಾಳಿ ಮ್ಯಾಲೆ ಕೇಸು ಹಾಕು, ಲೇ," ಅಂದ ಭಾಗಪ್ಪ.

ಇಲ್ಲಿ ರಾಜಾರಾಮ ಬಾಯಿ ಮುಚ್ಚಿಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತು. ಸಮಾಧಾನ ಮಾಡಲು ಹೋಗಿ, ಇದು ದೊಡ್ಡ ಮಾತಲ್ಲ, ಒಬ್ಬೊಬ್ಬರ ಸುತ್ತ ಗೂಟ ಹೊಡೆದ ಹಾಗೆ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಹಗ್ಗ ಹಿಡಿದ ಹಾಗೆ ಗೆರೆ ಎಳೆದರೆ ಆಯಿತು, ಗೆರೆಯ ಒಳಗಿನದು ಅವರ ಜಾಗ ಎಂದುಬಿಟ್ಟ. ಗೂಟ, ಹಗ್ಗ, ಜಾಗ. ಈ ಮೂರು ಮಾತು ಕೇಳಿದ ಮೇಲೆ ಒಕ್ಕಲಿಗನ ಮಗ ಸುಮ್ಮನೆ ಕೂತದ್ದು ಯಾರೂ ಕಂಡಿಲ್ಲ. ನಾಲ್ವರೂ ಕುರ್ಚಿ ಮುಂದೆ ಎಳೆದುಕೊಂಡರು. ಅಲ್ಲಿಗೆ ಅದು ಫೋಟೊ ಆಗಿ ಉಳಿಯಲಿಲ್ಲ.

ಮೊದಲು ಅಳತೆ ಆಗಲಿ ಅಂದ ಭಾಗಪ್ಪ. ಪಕ್ಕದ ಖೋಲಿಯ ದರ್ಜಿ ಶಕೀಲ ಕರೆಯದೆಯೇ ಕೊರಳಿನ ಟೇಪು ಹಿಡಿದು ಬಂದ. ಕಂಪ್ಯೂಟರಿನ ಗಾಜಿನ ಮೇಲೆ ಟೇಪು ಇಟ್ಟು ಒಬ್ಬೊಬ್ಬರನ್ನೂ ಅಳೆದ. ಭಾಗಪ್ಪ ರುಮಾಲಿನ ಸಮೇತ ಅಳೆಯಬೇಕೆಂದ. ಹಾಗಾದರೆ ನನ್ನ ಗಡ್ಡವೂ ಸೇರಲಿ ಅಂದ ಲಾಡಲೇಸಾಬ. ಬುಟ್ಟಿಯಲ್ಲಿದ್ದ ಮಾಲು ಯಾರದೆಂದು ಮಾಳವ್ವ ಕೇಳಿದಳು. ಪರಸಪ್ಪ ಏನೂ ಕೇಳಲಿಲ್ಲ. ಹಿಂದೆ ಕಾಣುವ ಶೆಡ್ಡು ತನ್ನದೆಂದು ಒಮ್ಮೆ ಮಾತ್ರ ನೆನಪಿಸಿದ.

ಗೆರೆಗೆ ಗೆರೆ ತಾಗಿದರೆ ನಾಳೆ ಮತ್ತೆ ತಕರಾರು ಅಂತ ಎಲ್ಲರಿಗೂ ಅನ್ನಿಸಿತು. ಹೊಲದಲ್ಲಿ ಹೇಗೋ ಇಲ್ಲಿಯೂ ಹಾಗೇ, ನಡುವೆ ಬದು ಬೇಕು. ಶಕೀಲನೂ ತಲೆಯಾಡಿಸಿ, ಅಂಗಿಗೂ ಎರಡೂ ಕಡೆ ಹೊಲಿಗೆಗೆ ಅಂತ ಬಟ್ಟೆ ಬಿಡುತ್ತೇವೆ, ಬಿಡದಿದ್ದರೆ ಬಿಚ್ಚುತ್ತದೆ ಅಂದ. ರಾಜಾರಾಮ ಕೂದಲೆಳೆಯಷ್ಟು ಬಿಟ್ಟ. ಅದರ ಮೇಲೆ ಎತ್ತು ನಡೆಯುತ್ತದೆಯೇ ಎಂದು ಭಾಗಪ್ಪ ಕೇಳಿದ. ಇನ್ನಷ್ಟು ಬಿಟ್ಟ. ಬಂಡಿ ಹಾಯಬೇಕಲ್ಲ ಅಂದ ಲಾಡಲೇಸಾಬ. ಪಕ್ಕದವನ ಜಾಗ ಎಷ್ಟು ಕಡಿಮೆಯಾಗುತ್ತದೋ ಅಷ್ಟು ತನ್ನದೂ ಕಡಿಮೆಯಾಗಲಿ ಅಂತ ಇಬ್ಬರೂ ಪಣ ತೊಟ್ಟವರಂತೆ ಬದು ಅಗಲ ಮಾಡಿಸಿದರು. ಊಟದ ಹೊತ್ತಿಗೆ ಭಾಗಪ್ಪನಿಗೆ ಮೂಗಿನಿಂದ ಅಂಗಿಯ ಗುಂಡಿಯವರೆಗೆ ಒಂದು ಪಟ್ಟಿ ಉಳಿದಿತ್ತು, ಲಾಡಲೇಸಾಬನಿಗೆ ಗಡ್ಡ.

ಆಮೇಲೆ ಬಣ್ಣದ ಪಟ್ಟಿ ಬಂತು. ಪಟ್ಟಿ ತೆರೆದರೆ ಹಸಿರು ಮೇಲಿತ್ತು. ಮೂರೂ ಬಣ್ಣ ಎಲ್ಲರಲ್ಲೂ ಇದ್ದವು, ಆದರೆ ಹಸಿರು ಹೆಚ್ಚು ಭಾಗಪ್ಪನಲ್ಲಿ, ಹಳದಿ ಲಾಡಲೇಸಾಬನಲ್ಲಿ, ಕರಿ ಮಾಳವ್ವನಲ್ಲಿ. ಮೇಲೆ ಕೂತವನ ಮಾಲು ಮೊದಲು ಹೋಗುತ್ತದೆಂಬುದು ಸಂತೆ ಕಂಡವರಿಗೆಲ್ಲ ಗೊತ್ತು. ಇದಕ್ಕೆ ಮಾತ್ರ ರಾಜಾರಾಮ ತನ್ನ ತಲೆಯಿಂದಲೇ ದಾರಿ ತೆಗೆದ. ಬಾವಿಯ ನೀರಿಗೆ ಪಾಳಿ ಇರುವ ಹಾಗೆ, ಪುಟ ತೆರೆದಾಗಲೆಲ್ಲ ಒಂದೊಂದು ಬಣ್ಣ ಮೇಲೆ ಬರುವಂತೆ ಮಾಡಿ ತೋರಿಸಿದ. ಪಾಳಿ ಅಂದ ಕೂಡಲೇ ಮೂವರೂ ತೆಪ್ಪಗಾದರು. ಪರಸಪ್ಪನ ಮೀಸೆ ಮೊದಲ ಸಲ ಅಳಿಯನ ಕಡೆ ತಿರುಗಿ ಅಲ್ಲಾಡಿತು.

ಉಳಿದದ್ದು ಒಂದೇ ಪ್ರಶ್ನೆ, ಅದನ್ನು ಎತ್ತಿದವಳು ಮಾಳವ್ವ. ಬದುವಿನ ಮೇಲೆ ಒತ್ತಿದರೆ ಯಾರು ಬರುತ್ತಾರೆ?

ಯಾರೂ ಬರುವುದಿಲ್ಲ ಅಂದ ರಾಜಾರಾಮ. ಅದು ಆಗದ ಮಾತು ಅಂದರು ಎಲ್ಲರೂ. ಬೀಳುಬಿಟ್ಟ ಜಾಗ ರಾತ್ರಿ ಬೆಳಗಾಗುವುದರಲ್ಲಿ ಯಾರದೋ ಆಗಿರುತ್ತದೆ. ಭಾಗಪ್ಪ ಲಾಡಲೇಸಾಬನನ್ನು ನೋಡಿದ. ಲಾಡಲೇಸಾಬ ಭಾಗಪ್ಪನನ್ನು ನೋಡಿದ. ಗಡಿಯಾರ ನಾಲ್ಕರ ಕಡೆ ನಡೆಯುತ್ತಿತ್ತು. ರಾಜಾರಾಮನಿಗೆ ಗಂಬೂಟಿನ ರಬ್ಬರಿನ ವಾಸನೆ ಬರತೊಡಗಿತು.

"ಹಿರ್ಯಾರು ಏನಂತಿದ್ರು?" ಅಂದಳು ಮಾಳವ್ವ. "ಜಗಳದ ಬದುವಿನ ಹುಲ್ಲು ಜಗಳ ಬಿಡಿಸಿದಾಂವಗ. ಪಾಪ, ಮುಂಜಾನಿಂದ ಒದ್ದಾಡಾಕತ್ತಾನ. ಬದು ಈ ಹುಡುಗನ ಹೆಸರಿಗೆ ಇರ್ಲಿ ಬಿಡ್ರಿ."

ಇದಕ್ಕಿಂತ ನ್ಯಾಯ ಯಾರಿಗೂ ಕಾಣಲಿಲ್ಲ. ರಾಜಾರಾಮನಿಗೂ ಕಾಣಲಿಲ್ಲ. ಬದು, ಬದುವಿಗೆ ಹತ್ತಿದ ನೆಲ, ಹೊರಸಿನ ಕಾಲು, ಹಿಂದಿನ ಶೆಡ್ಡಿನ ತಗಡು, ಮೇಲಿನ ಆಕಾಶ, ಯಾರ ಪಾಲಿಗೂ ಬಾರದ್ದೆಲ್ಲ ಅವನ ಹೆಸರಿಗೆ ಹೋಯಿತು. ತಗಡು ಅಳಿಯನಿಗೆ ಹೋದರೆ ಮನೆಯಲ್ಲೇ ಉಳಿಯುತ್ತದೆಂದು ಪರಸಪ್ಪ ಒಪ್ಪಿದ. ವೇಳೆ ಇರಲಿಲ್ಲವಾದ್ದರಿಂದ ರಾಜಾರಾಮ ಭಾಗಪ್ಪನ ಪುಟವನ್ನೇ ನಕಲು ಮಾಡಿ, ಹೆಸರು, ಫೋನು ಮಾತ್ರ ಬದಲಿಸಿ, ಅವಸರದಲ್ಲಿ ಏರಿಸಿಬಿಟ್ಟ.

ಬಾಣ ಹಿಡಿದು ಒಬ್ಬೊಬ್ಬರನ್ನೂ ಒತ್ತಿ ನೋಡಿದರು. ಭಾಗಪ್ಪ ಅಂದರೆ ಭಾಗಪ್ಪ ಬಂದ, ಲಾಡಲೇಸಾಬ ಅಂದರೆ ಲಾಡಲೇಸಾಬ. ಪಾಳಿ ಬಿಟ್ಟು ಬಣ್ಣ ಕದಲಲಿಲ್ಲ. ಅಪ್ಪಂದಿರ ಕಾಲದ ಬದುವಿನ ಜಗಳ ಫೋಟೊದಲ್ಲಾದರೂ ಬಗೆಹರಿಯಿತೆಂದು ಶಕೀಲ ಎಲ್ಲರಿಗೂ ಚಹಾ ತರಿಸಿದ. ನಾಲ್ಕಾಯಿತು. ಫೋನು ರಿಂಗಾಯಿತು.

ರಿಂಗಾದದ್ದು ರಾಜಾರಾಮನ ಫೋನು. ಎಲ್ಲರಿಗೂ ಕೇಳುವಂತೆ ಧ್ವನಿ ದೊಡ್ಡದು ಮಾಡಿ ಮೇಜಿನ ಮೇಲೆ ಇಟ್ಟ.

"ರಾಜಾರಾಮ ಸಾವಕಾರ್ರು ಅದಾರೇನ್ರಿ?"

ಖೋಲಿಯಲ್ಲಿ ಸಾವಕಾರರು ಯಾರೆಂದು ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಸಾವಕಾರ್ರ, ನಾ ಅಲ್ಲಾಉದ್ದೀನ. ಫೋಟೊ ನೋಡಿದೆ. ಎಲ್ಲಿ ಬೆರಳಿಟ್ರೂ ನೀವ ಬರ್ತೀರಿ. ನೆಲಾ ಮುಟ್ಟಿದ್ರ ನೀವು, ಶೆಡ್ಡು ಮುಟ್ಟಿದ್ರ ನೀವು. ಆ ಹೊರಸಿನ ಮ್ಯಾಲೆ ಕುಂತಾರಲ್ಲ, ಅವರು ನಿಮ್ಮ ಆಳ ಏನ್ರಿ?"

ರಾಜಾರಾಮ ತನ್ನ ಇನ್ನೊಂದು ಫೋನಿನಲ್ಲಿ ಪುಟ ತೆರೆದು ನೋಡಿದ. ಕಂಪ್ಯೂಟರಿನಲ್ಲಿ ಗಂಗಾಳದಷ್ಟಿದ್ದ ಫೋಟೊ ಇಲ್ಲಿ ವೀಳ್ಯದೆಲೆಯಷ್ಟಾಗಿತ್ತು. ಬಾಣದ ತುದಿ ಸೂಜಿಯಷ್ಟು ಸಣ್ಣದು. ಫೋನಿನಲ್ಲಿ ಒತ್ತಿದ ಶೇಠನ ಬೆರಳು ಬಾಳೆಹಣ್ಣಿನಷ್ಟು ದಪ್ಪ ಇರಬೇಕು. ಒಣಗಿದ ನುಗ್ಗೆಕಾಯಿಯಂಥ ಆ ಪಟ್ಟಿಗಳ ಮೇಲೆ ಅದು ಎಲ್ಲಿ ಕೂರಬೇಕು? ಎಲ್ಲಿ ಇಟ್ಟರೂ ಬದುವೇ.

ಶೇಠ ಮುಂದುವರಿಸಿದ. ಮೂರೂ ಬಣ್ಣ, ಒಂದು ಪೂರ್ತಿ ಲಾರಿ. ಮಾಲು ಚೆನ್ನಾಗಿದ್ದರೆ ಇಡೀ ಹಂಗಾಮು ತನಗೇ ಬೇಕು. ಶರತ್ತು ಒಂದೇ: ತಾನು ದಲ್ಲಾಳಿಗಳಿಂದ ಸುಟ್ಟುಕೊಂಡವನು, ನಾಳೆ ಮುಂಜಾನೆ ಬರುತ್ತೇನೆ, ಮಾಲಕನೇ ಶೆಡ್ಡಿನಲ್ಲಿ ನಿಂತು ಕೈಯಾರೆ ಆರಿಸಿದ ಮಾಲಾದರೆ ಮಾತ್ರ ವ್ಯವಹಾರ.

ರಾಜಾರಾಮ ನಿಜ ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಭಾಗಪ್ಪ ಮೇಜಿನ ಮೇಲೆ ಬಾಗಿದ.

"ಹೌದ್ರಿ ಶೇಠಜಿ. ನಾವೆಲ್ಲ ಸಾವಕಾರ್ರ ಆಳ."

"ನಾನೂ ಹೌದ್ರಿ," ಅಂದ ಲಾಡಲೇಸಾಬ. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಮಾಳವ್ವ ತಾನು ಸಾವಕಾರರ ಮನೆಯಲ್ಲಿ ಬಹಳ ಹಳೆಯ ಹೆಣ್ಣಾಳೆಂದಳು. ಪರಸಪ್ಪ ಗಂಟಲು ಸರಿಮಾಡಿಕೊಂಡು, ಸಾವಕಾರರನ್ನು ಎತ್ತಿ ಆಡಿಸಿದವನು ತಾನೇ ಎಂದು ಸೇರಿಸಿದ.

ಫೋನು ಇಟ್ಟ ಮೇಲೆ ಕೂಗಿದ್ದೇ ಕೂಗಿದ್ದು. ಶಕೀಲ ಕೆಳಗೆ ಓಡಿ ಗುಡಿಯ ಮುಂದಿನಿಂದ ಹೂವಿನ ಮಾಲೆ ತಂದ. ಭಾಗಪ್ಪ ತನ್ನ ರುಮಾಲು ತೆಗೆದು ರಾಜಾರಾಮನ ತಲೆಗೆ ಸುತ್ತಿದ. ಅದರ ಸೆರಗನ್ನು ಲಾಡಲೇಸಾಬ ತಾನೇ ಸರಿಮಾಡಿದ. ಪೇಢೆ ಬಂತು. ಗೆದ್ದ ಸುಖ ರಾಜಾರಾಮನ ಮೈಯಲ್ಲೂ ಏರಿತು. ಅವನು ಮಾವನ ಕಡೆ ತಿರುಗಿ, ಶೇಠ ಒತ್ತಿದ, ಮಾಲು ಕೇಳಿದ, ಮಾತು ನೆನಪಿದೆಯೇ ಅಂತ ಕೇಳಿದ.

ಪರಸಪ್ಪ ಎದ್ದು ನಿಂತು ಕೈ ಮುಗಿದ.

"ಮಾತಂದ್ರ ಮಾತು, ಅಳ್ಯಾರ. ನೀವು ಗೆದ್ರಿ. ಶೆಡ್ಡಿಗೆ ಬರ್ರಿ ಅಂತ ನಾ ಇನ್ನ ಬಾಯಿ ತೆಗಿಯಂಗಿಲ್ಲ. ನಿಮ್ಮ ಶೆಡ್ಡಿಗೆ ನಿಮ್ಮನ್ನ ಕರಿಯಾಕ ನಾ ಯಾರು?"

ಗುರುವಾರ ನಸುಕಿನ ಬಸ್ಸಿಗೆ ಸಾವಕಾರರು ಹೊನವಾಡಕ್ಕೆ ಹೋದರು. ಗಂಬೂಟು ಕಾಲಿಗೆ ಸರಿಯಾಗಿ ಕೂತಿತು; ವಿಶಾಖಾ ಅಳತೆ ತಪ್ಪು ಹೇಳಿರಲಿಲ್ಲ. ಶನಿವಾರ ಲಾರಿ ತುಂಬಿ ಸೊಲ್ಲಾಪುರದ ದಾರಿ ಹಿಡಿಯಿತು. ಶೇಠ ಮಾಲಕರ ಅಂಟುಗೈ ಕುಲುಕಿ, ಹಂಗಾಮು ಮುಗಿಯುವತನಕ ಹೀಗೆಯೇ ನಿಂತಿರಿ ಎಂದು ಹೇಳಿ ಅದರ ಹಿಂದೆಯೇ ಹೋದ.

ಸೋಮವಾರ ಟಿಕೋಟಾ, ಬಬಲೇಶ್ವರ, ಸಾರವಾಡದ ತೋಟದವರು ತಮ್ಮ ತಮ್ಮ ಫೋಟೊ ಹಿಡಿದು ಬಳೆ ಅಂಗಡಿಯ ಮೆಟ್ಟಿಲು ಹತ್ತಿದರು. ಬಾಗಿಲಿಗೆ ಬೀಗ. ಪಕ್ಕದ ಖೋಲಿಯಿಂದ ಶಕೀಲ ಕತ್ತು ಹೊರಗೆ ಹಾಕಿ, ಸಾವಕಾರರು ಶೆಡ್ಡು ಬಿಟ್ಟು ಬರುವಂತಿಲ್ಲ, ಅವರ ಎಡಗಣ್ಣು ಬಾತಿದೆ ಎಂದು ತಿಳಿಸಿದ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತು, ಮಧ್ಯಾಹ್ನದ ಬಸ್ಸಿಗೆ ಅವರೂ ತಂತಮ್ಮ ಊರಿಗೆ ಹೋದರು.